ಖಾಲಿ ಬಂದರೆ

"ಗೋತ್ರ ಗೊತ್ತಿಲ್ಲದಿದ್ದರೆ ಕಾಶ್ಯಪ ಅನ್ನಿ," ಎಂದು ಅಪ್ಪ ಹೇಳುತ್ತಿದ್ದುದು ಮೇಲಿನ ಮೆಟ್ಟಿಲಿಗೇ ಕೇಳಿಸಿತು. ಮನೆಯ ಬೀಗದ ಕೈ ಕೊಟ್ಟು ಹೋಗಲು ಬಂದ ಕೃಷ್ಣಪ್ರಸಾದ, ಕೆಳಗಿಳಿದರೆ ಶೂ ಬಿಚ್ಚಬೇಕಾಗುತ್ತದೆಂದು, ಲ್ಯಾಪ್‌ಟಾಪಿನ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಅಲ್ಲೇ ನಿಂತ. ಕೆಳಗೆ ನಂಜನಗೂಡಿನ ಘಟ್ಟದಲ್ಲಿ, ಕಪಿಲೆಯ ನೀರಿನ ಅಂಚಿನಲ್ಲಿ ಅವನ ಅಪ್ಪ ಸುಬ್ರಹ್ಮಣ್ಯ ಜೋಯಿಸರು ಯಾರೋ ಪರಸ್ಥಳದವನಿಗೆ ತರ್ಪಣ ಬಿಡಿಸುತ್ತಿದ್ದರು. ಆತ ಒದ್ದೆ ಪಂಚೆಯಲ್ಲಿ ಮುದುರಿಕೊಂಡು, ಓದದೆ ಪರೀಕ್ಷೆಗೆ ಬಂದ ಹುಡುಗನ ಮುಖ ಮಾಡಿಕೊಂಡು ಕೂತಿದ್ದ. ಮುತ್ತಜ್ಜಿಯ ಹೆಸರು? ಅದೂ ಗೊತ್ತಿಲ್ಲ. ಚಿಂತೆಯಿಲ್ಲ, ಕಾವೇರಿ ಅನ್ನಿ. ಹೆಂಗಸರ ಹೆಸರು ಗೊತ್ತಿಲ್ಲದ ಕಡೆ ಕಾವೇರಿ ಎನ್ನಿಸುವುದು ಅಪ್ಪನದೇ ಏರ್ಪಾಡು, ಯಾವ ಶಾಸ್ತ್ರದಲ್ಲೂ ಇದ್ದಂತಿಲ್ಲ; ಹೀಗಾಗಿ ಈ ಘಟ್ಟದಲ್ಲಿ ಎಳ್ಳುನೀರು ಪಡೆದ ಮುತ್ತಜ್ಜಿಯರಲ್ಲಿ ಅರ್ಧಕ್ಕರ್ಧ ಕಾವೇರಿಯರೇ ಆಗಿಹೋಗಿದ್ದಾರೆ. ಮಂತ್ರ ಎಲ್ಲೂ ತಡವರಿಸಬಾರದು, ಬಂದವನಿಗೆ ಮುಜುಗರವಾಗಬಾರದು, ಅಷ್ಟೆ. ಚಿಕ್ಕಂದಿನಿಂದ ಇದನ್ನು ನೋಡುತ್ತ ಬೆಳೆದ ಕೃಷ್ಣಪ್ರಸಾದನಿಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಈಚೆಗೆ ಮಾತ್ರ ಆ 'ಅನ್ನಿ' ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲಿಂದ ಹೊರಟುಬಿಡಬೇಕೆನ್ನಿಸುತ್ತದೆ.

ಇವತ್ತು ತೊರೆಕೊಪ್ಪಲಿನಲ್ಲಿ ಸಭೆ. ತೊರೆಕೊಪ್ಪಲು ಅಂದರೆ ಮೂಗೂರಿನಿಂದಾಚೆ, ನಾಲೆಯ ಪಕ್ಕದ ಸಣ್ಣ ಊರು. ಕೃಷ್ಣಪ್ರಸಾದ ಕಂಪ್ಯೂಟರಿನ ಕೆಲಸ ನೋಡಿಕೊಳ್ಳುವ ಟ್ರಸ್ಟು ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ಹಳ್ಳಿಗಳಲ್ಲಿ ನಡೆಸುವ ಚಿಕಿತ್ಸಾ ಕೇಂದ್ರಗಳಲ್ಲಿ ಒಂದು ಅಲ್ಲಿದೆ. ಹೋದ ವಾರ ಅಲ್ಲಿ ರಮ್ಯ ಎಂಬ ಹೆಂಗಸು ಹಸುವಿಗೆ ಹುಲ್ಲು ಕೊಯ್ಯುತ್ತಿದ್ದಾಗ ಕೊಳಕುಮಂಡಲ ಕಚ್ಚಿತು. ಕೇಂದ್ರಕ್ಕೆ ಎತ್ತಿಕೊಂಡು ಬಂದರೆ ಫ್ರಿಜ್ಜಿನಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇರಲಿಲ್ಲ. ನಂಜನಗೂಡಿನಿಂದ ಟ್ರಸ್ಟಿನ ಜೀಪು ತರುತ್ತದೆ ಎಂದು ನರ್ಸು ಕಾಯಲು ಹೇಳಿದಳು, ಕಾದರು, ಕಡೆಗೆ ತಡೆಯಲಾರದೆ ಟೆಂಪೋದಲ್ಲಿ ಹಾಕಿಕೊಂಡು ಹೊರಟರೆ ನರಸೀಪುರ ಮುಟ್ಟುವ ಮುಂಚೆಯೇ ಹೋಗಿಬಿಟ್ಟಳು. ಇಂಜೆಕ್ಷನ್ ಏಕಿರಲಿಲ್ಲ ಎಂದು ಇವತ್ತು ವಿಚಾರಣೆ. ಏಕೆಂಬುದು ಕೃಷ್ಣಪ್ರಸಾದನಿಗೆ ಗೊತ್ತು. ಅವನು ಬರೆದ ಒಂದು ಸಾಲಿನಿಂದ ಇರಲಿಲ್ಲ. ನರ್ಸು ಮಂಗಳಗೌರಿಗೂ ಅಷ್ಟಿಷ್ಟು ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ. ಅವನು ಬಾಯಿ ಬಿಡದಿದ್ದರೆ ಇವತ್ತು ಮಂಗಳಗೌರಿಯ ಕೆಲಸ ಹೋಗುತ್ತದೆ. ಬಾಯಿ ಬಿಡಬೇಕು, ಬಿಡುತ್ತೇನೆ ಎಂದು ಹಾಸಿಗೆಯಿಂದ ಏಳುವಾಗಲೇ ಗಟ್ಟಿ ಮಾಡಿಕೊಂಡಿದ್ದ. ಹಲ್ಲುಜ್ಜುವಾಗಲೂ ಆ ನಿರ್ಧಾರ ಗಟ್ಟಿಯಾಗಿಯೇ ಇತ್ತು. ಉಪ್ಪಿಟ್ಟು ತಿನ್ನುವಷ್ಟರಲ್ಲಿ, ಸಂದರ್ಭ ಬಂದರೆ ಹೇಳೋಣ ಎಂಬಲ್ಲಿಗೆ ಬಂದಿತ್ತು.

ಕೆಳಗೆ ತರ್ಪಣ ಮುಗಿಯಿತು. ಅಪ್ಪ ದರ್ಭೆ ಬಿಡಿಸಿ ಏಳಿ ಎಂದರು. ಹಿಂದೆಲ್ಲ ಹೀಗೆ ಏಳಿಸುತ್ತಿರಲಿಲ್ಲ. ಕೊನೆಗೊಂದು ಕ್ರಮ ಇರುತ್ತಿತ್ತು: ತರ್ಪಣ ಬಿಟ್ಟವನು ತಾನುಟ್ಟ ಒದ್ದೆ ಬಟ್ಟೆಯ ತುದಿಯನ್ನು ಎಡಗಡೆ ನೆಲದ ಮೇಲೆ ಹಿಂಡಬೇಕು. ತಾಯಿ ತಂದೆ ಬಂಧು ಬಳಗ ಯಾರೂ ಇಲ್ಲದೆ ಸತ್ತವರಿಗೆ, ಹೆಸರು ಹಿಡಿದು ನೀರು ಬಿಡುವವರಿಲ್ಲದವರಿಗೆ, ಆ ಹಿಂಡಿದ ನೀರು. ಎಂಟೋ ಒಂಬತ್ತೋ ವರ್ಷದವನಿದ್ದಾಗ ಅವನು ಕೇಳಿದ್ದ, ಅವರಿಗೂ ಕಾಶ್ಯಪ ಅಂತ ಹೇಳಿ ಕೊಟ್ಟುಬಿಟ್ಟರೆ ಆಗೋದಿಲ್ವಾ ಎಂದು. ಅಪ್ಪ ತಮ್ಮ ಜಾಣತನ ತೋರಿಸಲು ಸಿಕ್ಕಿದ ಅವಕಾಶ ಬಿಡುವವರಲ್ಲ. "ಗೊತ್ತಿಲ್ಲದೋರು ಬೇರೆ, ಇಲ್ಲದೋರು ಬೇರೆ ಕಣೋ. ಗೊತ್ತಿಲ್ಲದೋರಿಗೆ ಕಾಶ್ಯಪ, ಇಲ್ಲದೋರಿಗೆ ಬಟ್ಟೆ ನೀರು. ಎರಡನ್ನೂ ಕಲಸಿದೆಯೋ, ಯಾರಿಗೂ ಮುಟ್ಟಲ್ಲ," ಎಂದು ಪಕ್ಕದ ಪುರೋಹಿತರಿಗೂ ಕೇಳುವಂತೆ ಹೇಳಿದ್ದರು. ಈಚೆಗೆ ಅವರೇ ಬಟ್ಟೆ ಹಿಂಡಿಸುವುದನ್ನು ಬಿಟ್ಟಿದ್ದಾರೆ. ಬಂದವರಿಗೆ ಅವಸರ, ಕಾರಿನಲ್ಲಿ ಹೆಂಡತಿ ಮಕ್ಕಳು ಕಾಯುತ್ತಿರುತ್ತಾರೆ, ಇವರಿಗೂ ಮಂಡಿ ನೋವು. ಕೃಷ್ಣಪ್ರಸಾದ ಬೀಗದ ಕೈಯನ್ನು ಮೇಲಿನಿಂದಲೇ ತೋರಿಸಿ ಮೆಟ್ಟಿಲಿನ ಮೇಲಿಟ್ಟು ಹೊರಟ. ಅಪ್ಪ ಏನೋ ಕೂಗಿದರು. ಬಸ್ಸಿನ ಹಾರನ್ನಿನಲ್ಲಿ ಕೇಳಿಸಲಿಲ್ಲ.

ಜೀಪಿನಲ್ಲಿ ಮುಂದಿನ ಸೀಟು ಡಾಕ್ಟರ್ ಸುಚೇತಾ ಅವರದು. ಟ್ರಸ್ಟಿನ ಕೇಂದ್ರಗಳೆಲ್ಲ ಅವರ ಕೈಕೆಳಗೆ. ಕೆಟ್ಟವರೇನಲ್ಲ, ಕೃಷ್ಣಪ್ರಸಾದನ ತಾಯಿ ಆಸ್ಪತ್ರೆಯಲ್ಲಿದ್ದಾಗ ತಾವೇ ಬಂದು ನೋಡಿಕೊಂಡವರು. ಆ ಋಣ ಒಂದು ಬೇರೆ. ಸುತ್ತೂರಿನ ದಾರಿಯಲ್ಲಿ ಶಾಲೆಯ ಮಕ್ಕಳು ಸಾಲಾಗಿ ರಸ್ತೆ ದಾಟುತ್ತಿದ್ದರು, ಜೀಪು ನಿಂತಿತು. ಸುಚೇತಾ ಹಿಂತಿರುಗಿ, ಹಾವು ಕಡಿತದ ಮ್ಯಾಪು ಸಿದ್ಧವಿದೆ ತಾನೆ ಎಂದು ಕೇಳಿದರು. ಇದೆ ಮೇಡಂ ಎಂದ. ಈಗ ಹೇಳಿಬಿಡಬಹುದಿತ್ತು. ಮಕ್ಕಳು ದಾಟುವವರೆಗೂ ಹೊತ್ತಿತ್ತು. ಮಾತನ್ನು ಎಲ್ಲಿಂದ ಶುರು ಮಾಡುವುದು ಎಂದು ಅವನು ಯೋಚಿಸಿದ. ಮೇಡಂ, ನಮ್ಮ ಸ್ಕ್ರಿಪ್ಟಿನಲ್ಲಿ ಒಂದು ಕಡೆ, ಎಂದು ಶುರು ಮಾಡಿದರೆ ಅವರು ನಡುವೆಯೇ ತಡೆದು, ಟೆಕ್ನಿಕಲ್ ಎಲ್ಲ ನನಗೆ ಬೇಡ ರೀ ಎನ್ನುತ್ತಾರೆ. ಮೇಡಂ, ಆಕೆ ಸತ್ತದ್ದು ನನ್ನಿಂದ ಎಂದು ಶುರು ಮಾಡಿದರೆ ನಾಟಕದ ಮಾತಿನಂತಿರುತ್ತದೆ. ಕೊನೆಯ ಹುಡುಗಿ ಓಡಿಕೊಂಡು ದಾಟಿದಳು, ಜೀಪು ಹೊರಟಿತು.

ಇದ್ದದ್ದು ಇಷ್ಟು. ಪ್ರತಿ ತಿಂಗಳೂ ಅವನ ಸ್ಕ್ರಿಪ್ಟು, ಅಂದರೆ ಅವನು ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆಗಳ ಪಟ್ಟಿ, ಒಂದೊಂದೇ ಊರಿನ ಹೆಸರು ಹಿಡಿದು ಡೇಟಾಬೇಸನ್ನು ಕೇಳುತ್ತದೆ: ಇಲ್ಲಿ ಈಚೆಗೆ ಎಷ್ಟು ಮಂದಿಗೆ ಹಾವು ಕಚ್ಚಿತು? ನರ್ಸುಗಳು ಟ್ಯಾಬಿನಲ್ಲಿ ತುಂಬಿದ್ದನ್ನು ನೋಡಿ ಡೇಟಾಬೇಸು ಉತ್ತರ ಕೊಡುತ್ತದೆ. ಹೆಚ್ಚು ಕಚ್ಚಿದ ಊರಿನ ಫ್ರಿಜ್ಜಿಗೆ ಹೆಚ್ಚು ಇಂಜೆಕ್ಷನ್, ಕಡಿಮೆ ಕಚ್ಚಿದ ಕಡೆ ಕಡಿಮೆ, ಸೊನ್ನೆಯಾದರೆ ಇಲ್ಲವೇ ಇಲ್ಲ. ಕೆಲವು ಊರುಗಳಿಗೆ ಉತ್ತರ ಖಾಲಿ ಬರುತ್ತಿತ್ತು. ಸೊನ್ನೆಯಲ್ಲ, ಖಾಲಿ, ಒಂದು ಸಾಲೂ ಇಲ್ಲ. ಮೊದಮೊದಲು ಸ್ಕ್ರಿಪ್ಟು ಅಂಥ ಕಡೆ ಮುಗ್ಗರಿಸಿ ನಿಂತುಬಿಡುತ್ತಿತ್ತು. ಒಮ್ಮೆ ದಾನಿಗಳ ಸಭೆಯಲ್ಲಿ, ಗೋಡೆಯಗಲದ ಪರದೆಯ ಮೇಲೆ, ಹಾಗೇ ನಿಂತು ಕೆಂಪು ಅಕ್ಷರಗಳನ್ನು ಕಾರಿಕೊಂಡಿತು. ಸೂಟಿನವರು, ರೇಷ್ಮೆ ಸೀರೆಯವರು ಎಲ್ಲ ಗೋಡಂಬಿ ಅಗಿಯುವುದನ್ನು ನಿಲ್ಲಿಸಿ ನೋಡಿದರು. ಸುಚೇತಾ ಮೈಕು ಹಿಡಿದು, "ನಮ್ಮ ಕೃಷ್ಣಪ್ರಸಾದ್ ಅವರ ಕಂಪ್ಯೂಟರಿಗೂ ಹಾವು ಕಚ್ಚಿದ ಹಾಗಿದೆ," ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ, ಕಿವಿ ಬಿಸಿಯಾಗಿ ನೋಯುತ್ತಿದ್ದರೂ ನಕ್ಕ. ಅಂದೇ ಮನೆಗೆ ಬಂದು ಆ ಸಾಲು ಬರೆದ: ಉತ್ತರ ಖಾಲಿ ಬಂದರೆ ಸೊನ್ನೆ ಎಂದು ತಿಳಿ. ಬೆರಳು ಒಂದು ಗಳಿಗೆಯೂ ತಡವರಿಸಲಿಲ್ಲ. ಅಪ್ಪನ ಮನೆಯಲ್ಲಿ ಹುಟ್ಟಿದವನಿಗೆ ಬಿಟ್ಟ ಸ್ಥಳ ತುಂಬುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅಲ್ಲಿಂದಾಚೆ ಪರದೆಯ ಮೇಲೆ ಕೆಂಪು ಕಾಣಿಸಲಿಲ್ಲ. ಖಾಲಿ ಬಂದ ಊರುಗಳೆಲ್ಲ ಮ್ಯಾಪಿನಲ್ಲಿ, ಹಾವಿನ ಕಾಟವಿಲ್ಲವೆಂಬ ಒಳ್ಳೆಯ ಹಸಿರು ಬಣ್ಣಕ್ಕೆ ತಿರುಗಿದವು.

ತೊರೆಕೊಪ್ಪಲು ಖಾಲಿ ಬಂದದ್ದು ಹಾವು ಕಚ್ಚದೆ ಅಲ್ಲ. ಅಲ್ಲಿದ್ದ ನರ್ಸು ಮದುವೆಯಾಗಿ ಕೆಲಸ ಬಿಟ್ಟು ಹೋದಮೇಲೆ ಎಷ್ಟೋ ತಿಂಗಳು ಕೇಂದ್ರಕ್ಕೆ ಬೀಗ ಬಿದ್ದಿತ್ತು. ಬರೆಯುವವರಿಲ್ಲದೆ ಏನೂ ಬರೆದಿರಲಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲವೇ? ಹುದ್ದೆ ಖಾಲಿ ಇರುವ ಸುದ್ದಿ ಅವನ ಕಿವಿಗೂ ಬಿದ್ದಿತ್ತು, ಕ್ಯಾಂಟೀನಿನಲ್ಲಿಯೋ ಎಲ್ಲಿಯೋ. ಎರಡನ್ನೂ ಜೋಡಿಸಿ ನೋಡಿರಲಿಲ್ಲ, ಅಷ್ಟೆ. ಅಷ್ಟೆ ಎಂದು ತನಗೆ ತಾನೇ ಹೇಳಿಕೊಳ್ಳುವಾಗ ಮಂಗಳಗೌರಿಯ ಫೋನು ನೆನಪಾಗುತ್ತದೆ, ಆ 'ಅಷ್ಟೆ' ನಿಲ್ಲುವುದಿಲ್ಲ. ಅವಳು ಹೊಸದಾಗಿ ಸೇರಿದ ದಿನಗಳು. ಹೆದರಿಕೊಂಡೇ ಮಾತಾಡಿದ್ದಳು. ಸರ್, ಇಲ್ಲಿ ನಾಲೆ ಬದಿಯಲ್ಲಿ ಹಾವು ಬಹಳ ಅಂತಾರೆ ಜನ, ಫ್ರಿಜ್ಜಿನಲ್ಲಿ ಒಂದು ಇಂಜೆಕ್ಷನ್ನೂ ಇಲ್ಲ ಎಂದಳು. ಅವನು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದ. ಎಡಗೈಯಲ್ಲೇ ಪರದೆ ತಿರುಗಿಸಿ ನೋಡಿದ, ತೊರೆಕೊಪ್ಪಲು, ಸೊನ್ನೆ. "ನಿಮ್ಮೂರಿನ ಹಾವುಗಳು ಬಹಳ ಒಳ್ಳೇವು ಕಣ್ರೀ. ಈವರೆಗೂ ಒಂದೂ ಕಚ್ಚಿಲ್ಲ," ಎಂದ. ಪಕ್ಕದ ಮೇಜಿನವರು ನಕ್ಕರು. ಅವರು ನಗಲಿ ಎಂದೇ ಅವನು ಸ್ವಲ್ಪ ಗಟ್ಟಿಯಾಗಿ ಅಂದದ್ದು. ಆ ಕಡೆಯಿಂದ ಮಂಗಳಗೌರಿ, ಸರಿ ಸರ್ ಎಂದು ಫೋನಿಟ್ಟಳು.

ಕೇಂದ್ರದ ಮುಂದೆ ಶಾಮಿಯಾನ ಹಾಕಿರಬಹುದೆಂದು ಅವನು ಏಕೋ ಅಂದುಕೊಂಡಿದ್ದ. ಏನೂ ಇರಲಿಲ್ಲ. ಒಂದು ಕೊಠಡಿ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಒತ್ತಿ ನಿಲ್ಲಿಸಿದ ಫ್ರಿಜ್ಜು. ಮಂಗಳಗೌರಿ ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟು ಫ್ರಿಜ್ಜಿನ ಪಕ್ಕದಲ್ಲಿ ನಿಂತಿದ್ದಳು. ಅವನು ಅಂದುಕೊಂಡಿದ್ದಕ್ಕಿಂತ ತೀರ ಚಿಕ್ಕವಳು. ಫೋನಿನ ಧ್ವನಿಗೆ ಅವನು ಬೇರೆಯದೇ ಮುಖ ಕೊಟ್ಟಿದ್ದ. ಬಾಗಿಲ ಬಳಿ ಸತ್ತವಳ ಗಂಡ ಶಿವಸ್ವಾಮಿ. ಹಣೆಯ ತುಂಬ ವಿಭೂತಿ, ಹೊಸದಾಗಿ ಬೋಳಿಸಿದಂತಿದ್ದ ಗಡ್ಡ. ಅಳುತ್ತಾನೆ, ಕೂಗಾಡುತ್ತಾನೆ ಎಂದು ಅವರು ಸಿದ್ಧವಾಗಿ ಬಂದಿದ್ದರೆ ಆತ ಎಲ್ಲರಿಗೂ ಎಳನೀರು ಕೆತ್ತಿಸಿ ಇಟ್ಟಿದ್ದ. ದೂರದಿಂದ ಬಂದಿದ್ದೀರಿ ಎಂದು ಕೈಗೇ ತಂದುಕೊಟ್ಟ. ಬೇಡ ಎನ್ನುವುದು ಹೇಗೆ? ಕೃಷ್ಣಪ್ರಸಾದ ಕುಡಿದ. ಸಿಹಿಯಾಗಿತ್ತು. ಇಂಥ ಹೊತ್ತಿನಲ್ಲೂ ನಾಲಿಗೆಗೆ ಅದರ ಸಿಹಿ ತಿಳಿದದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಸುಚೇತಾ ಮೆತ್ತಗೆ, ಆಗಬಾರದ್ದು ಆಗಿಹೋಯಿತು ಎಂದು ಶುರು ಮಾಡಿ ಮ್ಯಾಪು ತೋರಿಸಲು ಹೇಳಿದರು. ಅವನು ಲ್ಯಾಪ್‌ಟಾಪನ್ನು ಕುರ್ಚಿಯ ಮೇಲಿಟ್ಟು ತೆರೆದ. ತೊರೆಕೊಪ್ಪಲು ಹಸಿರಾಗಿತ್ತು. ರಮ್ಯ ಸತ್ತಮೇಲೂ ಹಸಿರಾಗಿಯೇ ಇತ್ತು. ಇಲ್ಲಿ ಅವಳಿಗೆ ಚಿಕಿತ್ಸೆಯೇ ಆಗಲಿಲ್ಲವಾದ್ದರಿಂದ ಕೇಸು ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ತುಂಬಬೇಡಿ ಎಂದು ಸುಚೇತಾ ಮಂಗಳಗೌರಿಗೆ ಅಂದೇ ಹೇಳಿದ್ದರು. ಈ ಊರಿಂದ ಇಷ್ಟು ದಿನ ಒಂದು ಕೇಸೂ ಬಂದಿಲ್ಲ, ಬಂದಿದ್ದರೆ ಔಷಧಿ ತಾನಾಗಿ ಬಂದಿರುತ್ತಿತ್ತು ಎಂದು ಅವರು ಶಿವಸ್ವಾಮಿಗೆ ತಿಳಿಸಿ ಹೇಳಿದರು. ಶಿವಸ್ವಾಮಿ ಬಗ್ಗಿ ಪರದೆ ನೋಡಿದ. ಹಸಿರು ನೋಡಿ ಅವನಿಗೇನು ಅನ್ನಿಸಿತೋ.

"ಬಂದಿಲ್ಲ ಅಂದ್ರೆ ಎಂಗಮ್ಮ? ನರ್ಸಮ್ನೋರೇ ಇರ್ನಿಲ್ವಲ್ಲ. ಬಾಗ್ಲಾಕಿತ್ತು. ಜನ ಬಂದು ಬೀಗ ನೋಡ್ಕಂಡು ನರಸೀಪುರ್ಕೆ ಒಂಟೋಗೋರು," ಎಂದ. ಜಗಳದ ದನಿಯಲ್ಲ, ದಾರಿ ತಪ್ಪಿದವರಿಗೆ ದಾರಿ ಹೇಳುವ ದನಿ.

ಕೊಠಡಿಯಲ್ಲಿ ಆ ಮಾತು ಪೂರ್ತಿ ಅರ್ಥವಾದದ್ದು ಕೃಷ್ಣಪ್ರಸಾದನೊಬ್ಬನಿಗೆ. ಅವನ ಕಿವಿ ಮತ್ತೆ ಬಿಸಿಯಾಯಿತು. ಸುಚೇತಾ ಅದನ್ನು ಬೇರೆ ಕಡೆಯಿಂದ ಹಿಡಿದರು. ಬೀಗ ತೆಗೆದು ಎಷ್ಟೋ ದಿನವಾಗಿದೆಯಲ್ಲ, ಹೊಸ ನರ್ಸು ಬಂದಮೇಲೆ ಔಷಧಿ ಇಲ್ಲವೆಂದು ತಿಳಿಸುವುದು ಅವರ ಕೆಲಸ, ತಿಳಿಸಿದ್ದರೆ ಕಳಿಸದೆ ಇರುತ್ತಿದ್ದೆವೇ ಎಂದು ಮಂಗಳಗೌರಿಯ ಕಡೆ ತಿರುಗಿದರು. ಅವಳು ಫ್ರಿಜ್ಜಿನ ಹಿಡಿಯನ್ನು ಹಿಡಿದುಕೊಂಡಳು.

"ಸೇರಿದಾಗಲೇ ಫೋನ್ ಮಾಡಿದ್ದೆ ಮೇಡಂ."

"ಯಾರಿಗೆ?"

ಅವಳು ಕೃಷ್ಣಪ್ರಸಾದನ ಮುಖ ನೋಡಲಿಲ್ಲ. ಅವನ ಕೈಯಲ್ಲಿದ್ದ ಎಳನೀರಿನ ಬುರುಡೆ ನೋಡಿದಳು. "ಆಫೀಸಿಗೆ," ಎಂದಳು. ಅಷ್ಟು ಹೇಳಿ ನಿಲ್ಲಿಸಿದಳು. ಉಳಿದದ್ದನ್ನು ಹೇಳಲು ಅವನಿಗೇ ಜಾಗ ಬಿಟ್ಟಿದ್ದಾಳೆ ಎಂದು ಅವನಿಗೆ ತಿಳಿಯಿತು. ದೊಡ್ಡವರು, ಓದಿದವರು, ತಾವೇ ಹೇಳುತ್ತಾರೆ ಎಂದು ಬಿಟ್ಟಳೋ, ಹೆಸರು ಹೇಳಿದರೆ ಇನ್ನೇನು ಕಾದಿದೆಯೋ ಎಂದು ಹೆದರಿ ಬಿಟ್ಟಳೋ. ಯಾಕೆ ಬಿಟ್ಟಳು, ನೇರವಾಗಿ ಹೆಸರು ಹೇಳಿದ್ದರೆ ಒಂದೇ ಏಟಿಗೆ ಮುಗಿಯುತ್ತಿತ್ತಲ್ಲ ಎಂದು ಅವಳ ಮೇಲೆ ಸಿಟ್ಟೇ ಬಂತು.

"ಕೃಷ್ಣಪ್ರಸಾದ್, ಆಫೀಸಿಗೆ ಇವರ ಫೋನೇನಾದ್ರೂ ಬಂದಿತ್ತೇನ್ರೀ?" ಎಂದು ಸುಚೇತಾ ಕೇಳಿದರು.

ಅವನು ಬಾಯಿ ತೆರೆದ. ಹೌದು ಮೇಡಂ, ನನಗೇ ಬಂದಿತ್ತು. ವಾಕ್ಯ ಸಿದ್ಧವಾಗಿತ್ತು, ಉಪ್ಪಿಟ್ಟಿಗೂ ಮುಂಚಿನಿಂದ ಸಿದ್ಧವಾಗಿತ್ತು. ಮೈಕಿನ ಮುಂದಿನ ಆ ನಗು, ಡಬ್ಬಿ ಬಿಚ್ಚಿಟ್ಟು ತಾನು ನಗಿಸಿದ ನಗು, ಎರಡೂ ಒಂದೇ ನಗುವಾಗಿ ಕೇಳಿಸಿದವು. ಹೊರಗೆ ಯಾರದೋ ಬೈಕು ಹೊರಡಲು ಒದ್ದಾಡುತ್ತಿತ್ತು. ಶಿವಸ್ವಾಮಿ ಅವನನ್ನೇ ನೋಡುತ್ತಿದ್ದ, ಮಂಗಳಗೌರಿ ಬುರುಡೆಯನ್ನೇ ನೋಡುತ್ತಿದ್ದಳು. ಇನ್ನೊಂದು ಗಳಿಗೆ ಕಾದರೆ ಹೇಳುತ್ತೇನೆ ಎನ್ನಿಸಿತು. ಆದರೆ ಸುಚೇತಾ ಅವರಿಗೆ ಮಧ್ಯಾಹ್ನ ಮೈಸೂರಿನಲ್ಲಿ ಇನ್ನೊಂದು ಸಭೆಯಿತ್ತು. ಅವರು ಕಾಯುವಷ್ಟು ಕಾದು, ಸಹಜವಾಗಿ, ಯಾವ ಕೆಟ್ಟ ಮನಸ್ಸೂ ಇಲ್ಲದೆ, "ಬಂದಿಲ್ಲ," ಎಂದು ತಾವೇ ಉತ್ತರ ತುಂಬಿಕೊಂಡರು. ಅವನ ಸಾಲು ಮಾಡುತ್ತಿದ್ದ ಕೆಲಸವೇ ಅದು. ಮಂಗಳಗೌರಿ ಫ್ರಿಜ್ಜಿನ ಹಿಡಿ ಬಿಟ್ಟು ಕೋಟಿನ ಗುಂಡಿ ಬಿಚ್ಚತೊಡಗಿದಳು. ಈಗಲೇ ಬೇಡ, ತಿಂಗಳು ಮುಗಿಯಲಿ ಎಂದು ಸುಚೇತಾ ಹೇಳಿದರೂ ಅವಳು ಬಿಚ್ಚಿ ಮಡಿಸಿದಳು.

ಜೀಪಿನ ತನಕ ಶಿವಸ್ವಾಮಿ ಬಂದ. ಲ್ಯಾಪ್‌ಟಾಪಿನ ಚೀಲವನ್ನು ತಾನೇ ಎತ್ತಿಕೊಂಡು ಬಂದಿದ್ದ. ಅದನ್ನು ಒಳಗಿಟ್ಟು, ಬಾಗಿಲು ಹಾಕದೆ, ಕೃಷ್ಣಪ್ರಸಾದನಿಗೆ ಮಾತ್ರ ಕೇಳುವಂತೆ ಹೇಳಿದ:

"ನನ್ ಮಗಳು ಇಸ್ಕೂಲ್ಗೆ ನಾಲೆ ಏರಿ ಮ್ಯಾಲೇ ಓಗ್ಬೇಕು ಸಾ. ಇನ್ಮ್ಯಾಕಾದ್ರೂ ಔಸ್ದಿ ತಂದ್ ಮಡಗ್ತೀರಾ?"

"ಹ್ಞೂ," ಎಂದ ಕೃಷ್ಣಪ್ರಸಾದ. ಈ ಉತ್ತರ ಮಾತ್ರ ಎಷ್ಟು ಬೇಗ ಬಂತು. ಶಿವಸ್ವಾಮಿ ಕೈಮುಗಿದ.

ಮೂಗೂರು ದಾಟುವಷ್ಟರಲ್ಲಿ ಅವನಿಗೆ ಹೊಳೆಯಿತು. ಔಷಧಿ ಬರುವುದಿಲ್ಲ. ಮಂಗಳಗೌರಿ ಹೋಗುತ್ತಾಳೆ, ಇನ್ನೊಬ್ಬರು ಸಿಗುವ ತನಕ ಕೇಂದ್ರಕ್ಕೆ ಬೀಗ. ಬೀಗ ಬಿದ್ದರೆ ಬರೆಯುವವರಿಲ್ಲ. ತೊರೆಕೊಪ್ಪಲು ಮತ್ತೆ ಖಾಲಿ ಬರುತ್ತದೆ, ಖಾಲಿ ಬಂದರೆ ಸೊನ್ನೆ, ಸೊನ್ನೆಯಾದರೆ ಹಸಿರು. ಮೊದಲ ಸಲ ಅದು ಗೊತ್ತಿಲ್ಲದೆ ಆದದ್ದು. ಈ ಸಲ ತಾನು ಕಣ್ಣು ಬಿಟ್ಟುಕೊಂಡು, ಎಳನೀರು ಕುಡಿದು, ಹ್ಞೂ ಎಂದು ಹೇಳಿ ಬಂದಿದ್ದಾನೆ. ಕುಲುಕುವ ಜೀಪಿನಲ್ಲೇ ಲ್ಯಾಪ್‌ಟಾಪು ತೆರೆದು ಆ ಸಾಲು ಹುಡುಕಿದ. ಸೊನ್ನೆ ಅಳಿಸಿ, ಖಾಲಿ ಬಂದರೆ ಗೊತ್ತಿಲ್ಲ ಎಂದು ತೋರಿಸು, ಎಂದು ಬರೆದ. ಇದನ್ನು ಅಂದೇ ಬರೆಯಬಹುದಿತ್ತು, ಅಷ್ಟೇ ಸುಲಭವಿತ್ತು. ಸ್ಕ್ರಿಪ್ಟು ಓಡಿಸಿದ. ಮ್ಯಾಪು ಒಂದು ಕ್ಷಣ ಬಿಳಿಯಾಗಿ ಮತ್ತೆ ಮೂಡಿತು. ತೊರೆಕೊಪ್ಪಲು ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ಪಕ್ಕದ ಊರೂ. ಸೋಮನಾಥಪುರದ ಸುತ್ತಿನ ಎಷ್ಟೋ ಊರುಗಳು, ಕಪಿಲೆಯ ಈಚೆ ದಡದ ಊರುಗಳು, ಎಣಿಸಲು ಹೋಗಿ ಬಿಟ್ಟುಬಿಟ್ಟ. ಹಸಿರು ಅಲ್ಲೊಂದು ಇಲ್ಲೊಂದು ಉಳಿದಿತ್ತು.

ಸುಚೇತಾ ಕನ್ನಡಿಯಲ್ಲಿ ನೋಡಿ ಹಿಂತಿರುಗಿದರು. ಇದೇನು, ಇಷ್ಟೊಂದು ಬೂದಿ ಎಂದರು. ಅವನು ವಿವರಿಸಿದ. ಆಶ್ಚರ್ಯವೆಂದರೆ ಈಗ ಮಾತು ಸರಾಗವಾಗಿ ಬಂತು. ಊರುಗಳ ವಿಷಯ, ಬಣ್ಣಗಳ ವಿಷಯ, ಎಲ್ಲ ಹೇಳಿದ, ಫೋನಿನ ವಿಷಯ ಒಂದನ್ನು ಬಿಟ್ಟು. ಅವರು ಗಮನವಿಟ್ಟು ಕೇಳಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೊಮ್ಮೆ ಪರದೆ ನೋಡಿದರು. ಅವರಿಗೆ ಅರ್ಥವಾಗಿದೆ ಎಂದು ಅವನಿಗೆ ಗೊತ್ತಾಯಿತು.

"ಹುಣ್ಣಿಮೆ ಆದ್ಮೇಲೆ ದಾನಿಗಳು ಬರ್ತಾರೆ. ಇದನ್ನ ಅವರಿಗೆ ತೋರಿಸೋಕ್ಕಾಗುತ್ತಾ ಕೃಷ್ಣಪ್ರಸಾದ್? ಇಷ್ಟು ವರ್ಷ ಏನ್ ಮಾಡ್ತಿದ್ರಿ ಅಂತಾರೆ. ಇರೋ ಕೇಂದ್ರಗಳೂ ಮುಚ್ಚಿಹೋಗ್ತವೆ. ಸದ್ಯಕ್ಕೆ ಮೊದಲಿನ ಹಾಗೇ ಮಾಡಿಬಿಡಿ."

ಅದರಲ್ಲೂ ನಿಜವಿತ್ತು. ಅದೇ ಕಷ್ಟ. ಅವನು ಸೊನ್ನೆಯನ್ನು ಮತ್ತೆ ಬರೆದ. ಊರುಗಳು ಒಂದೊಂದಾಗಿ ಹಸಿರಾದವು. ತೊರೆಕೊಪ್ಪಲಿಗೆ ಮಾತ್ರ ಕೈಯಿಂದಲೇ ಒಂದು ಅಂಕಿ ತುಂಬಿದರೆ ಹೇಗೆ ಎಂದು ಯೋಚಿಸಿದ. ಯಾರು ತುಂಬಿದ್ದು, ಯಾಕೆ ಎಂದು ಕೇಳಿದರೆ ಫೋನಿನ ಮಾತು ಎದ್ದೇಳುತ್ತದೆ. ಲ್ಯಾಪ್‌ಟಾಪು ಮುಚ್ಚಿದ. ಸುಚೇತಾ ಮುಂದೆ ತಿರುಗಿ, ಊಟ ಎಲ್ಲಿ ಮಾಡೋಣ ಎಂದು ಡ್ರೈವರನ್ನು ಕೇಳಿದರು.

ಸಂಜೆ ಜೀಪು ಅವನನ್ನು ದೇವಸ್ಥಾನದ ಬಳಿ ಇಳಿಸಿತು. ಮನೆಗೆ ಹೋಗದೆ ನೇರ ಘಟ್ಟಕ್ಕೆ ಬಂದ. ಬೆಳಗಿನ ಜನವೆಲ್ಲ ಹೋಗಿ, ಎಳ್ಳು, ದರ್ಭೆ, ಒಡೆದ ಮಡಕೆಯ ಚೂರು ಮೆಟ್ಟಿಲ ಮೇಲೆ ಉಳಿದಿದ್ದವು. ಈ ಸಲ ಶೂ ಬಿಚ್ಚಿದ. ಕೊನೆಯ ಮೆಟ್ಟಿಲಿಗಿಳಿದು ನೀರಿನಲ್ಲಿ ಕಾಲಿಟ್ಟು ನಿಂತ. ಏನು ಮಾಡಬೇಕೆಂದು ಬಂದಿದ್ದನೋ ಅವನಿಗೇ ತಿಳಿಯದು. ಜೇಬಿನಲ್ಲಿದ್ದ ಕರವಸ್ತ್ರಕ್ಕೆ ಎಳನೀರು ಚೆಲ್ಲಿ ಅಂಟಂಟಾಗಿತ್ತು. ಅದನ್ನು ನೀರಿನಲ್ಲಿ ಅದ್ದಿದ, ಮೇಲೆತ್ತಿ ಹಿಂಡಿದ, ಕಲ್ಲಿನ ಮೇಲೆ, ಎಡಗಡೆಗೆ. ಮತ್ತೆ ಅದ್ದಿ ಹಿಂಡಿದ. ರಮ್ಯಳಿಗೆ ಗಂಡನಿದ್ದಾನೆ, ಮಗಳಿದ್ದಾಳೆ, ಅವಳು ಯಾರೂ ಇಲ್ಲದವಳಲ್ಲ. ಇಲ್ಲದವಳಾದದ್ದು ತನ್ನ ಲೆಕ್ಕದಲ್ಲಿ ಮಾತ್ರ. ಈ ನೀರು ಅವಳಿಗೆ ಸಲ್ಲುವುದಿಲ್ಲ ಎಂದು ತಿಳಿದೂ ಹಿಂಡುತ್ತಲೇ ಇದ್ದ.

"ಏನೋ ಅದು? ಅಪ್ಪ ಬದುಕಿರೋನು ಹಾಗೆಲ್ಲ ಹಿಂಡಬಾರದು. ಬಿಡು," ಎಂದು ಹಿಂದಿನಿಂದ ಕೇಳಿತು. ಸಂಧ್ಯಾವಂದನೆಗೆ ಬಂದ ಅಪ್ಪ ಪಂಚಪಾತ್ರೆ ಹಿಡಿದು ಎರಡು ಮೆಟ್ಟಿಲು ಮೇಲೆ ನಿಂತಿದ್ದರು. ಕರವಸ್ತ್ರವನ್ನು, ಮಗನ ಒದ್ದೆಯಾದ ಪ್ಯಾಂಟನ್ನು, ಅವನ ಮುಖವನ್ನು ನೋಡಿದರು. ಅವರ ದನಿ ಇಳಿಯಿತು.

"ಯಾಕೋ ಕಿಟ್ಟು, ಯಾರಾದ್ರೂ ಹೋದರೇನೋ?"

ಕೃಷ್ಣಪ್ರಸಾದ ತಿರುಗಿ ನೋಡಿದ. ಕರವಸ್ತ್ರದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪ ತಲೆ ಸ್ವಲ್ಪ ಓರೆ ಮಾಡಿ, ಕಿವಿ ಕೇಳದವರ ಹಾಗೆ, ಕಾದರು. ಹೊಳೆಯ ಆಚೆ ದಡದಲ್ಲಿ ಯಾರೋ ದನ ಹೊಡೆದುಕೊಂಡು ಹೋಗುತ್ತಿದ್ದರು. ಮಗನ ತುಟಿ ಅಲುಗಿದಂತೆ ಅವರಿಗೆ ಕಂಡಿರಬೇಕು, ಇನ್ನೂ ಸ್ವಲ್ಪ ಹೊತ್ತು ಕಾದರು.

"ಯಾರೂ ಇಲ್ಲ ತಾನೆ? ಸದ್ಯ," ಎಂದು ಅಪ್ಪ ನೆಮ್ಮದಿಯಿಂದ ನೀರಿಗಿಳಿದು ಆಚಮನಕ್ಕೆ ಕೂತರು.